ಇಬ್ಬರು ಸೇರಿದರೆ ಒಂದು ಪೋಲಿಷ್

ಎರಡು ವರ್ಷದ ಹಿಂದೆ, ನವೆಂಬರಿನ ಒಂದು ರಾತ್ರಿ, ಆ ಹುಡುಗ ಫೋನ್ ಮಾಡಿದ. ಗಂಟಲು ಕಟ್ಟಿತ್ತು. ಜ್ವರದಿಂದಲೋ ಅಳು ಬಂದೋ ಗೊತ್ತಾಗಲಿಲ್ಲ.

“ಅಕ್ಕಾ, ನನ್ನ ಕೆಲಸದಿಂದ ತಗದಾರ್ರೀ.”

“ಯಾರು ಹೇಳಿದ್ದಪ್ಪ?”

“ಡಾಕ್ಟರ್ ಹೇಳಿದ್ರು.”

ಡಾಕ್ಟರು ಯಾಕೆ ಕೆಲಸದಿಂದ ತೆಗೆಯುತ್ತಾರೆ? ಸಮಾಧಾನ ಮಾಡಿ ಕೇಳಿದೆ. ಹತ್ತು ದಿನದಿಂದ ಜ್ವರ, ಕೆಮ್ಮು. ತಡೆಯಲಾರದೆ ಕ್ಲಿನಿಕ್ಕಿಗೆ ಹೋಗಿದ್ದಾನೆ. ಡಾಕ್ಟರು ಎದೆ ಪರೀಕ್ಷೆ ಮಾಡಿ, ಕಂಪ್ಯೂಟರಿನಲ್ಲಿ ಏನೋ ಟೈಪ್ ಮಾಡಿ, “ಜ್ವೊಲ್ನೇನ್ಯೆ” ಅಂದಿದ್ದಾರೆ. ಆ ಪದ ಅವನಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ಅವನ ಗೋದಾಮಿನಿಂದ ಇಬ್ಬರನ್ನು ಮನೆಗೆ ಕಳಿಸಿದಾಗ ಜೊತೆಯವರು ಅದೇ ಪದವನ್ನು ಪಿಸುಗುಟ್ಟಿದ್ದರು. ಜ್ವೊಲ್ನೇನ್ಯೆ ಅಂದರೆ ಕೆಲಸದಿಂದ ತೆಗೆಯುವುದು. ಅವನು ಕಲಿತದ್ದರಲ್ಲಿ ತಪ್ಪಿರಲಿಲ್ಲ.

ಆದರೆ ಕಾಯಿಲೆ ಅಂತ ಡಾಕ್ಟರು ಬರೆದುಕೊಡುವ ರಜೆಗೂ ಇಲ್ಲಿನ ಪೋಲಿಷ್ ಭಾಷೆಯಲ್ಲಿ ಅದೇ ಪದ. ‘ವೊಲ್ನಿ’ ಅಂದರೆ ಬಿಡುವಾಗಿರುವ, ಕಟ್ಟಿಲ್ಲದ. ಅದರಿಂದ ಹುಟ್ಟಿದ ಮಾತು ಇದು. ನಮ್ಮ ‘ಬಿಡು’ವನ್ನೇ ನೋಡಿ. ಬಿಡುವು ಅಂದರೆ ವಿಶ್ರಾಂತಿ. ಕೆಲಸ ಬಿಡಿಸಿದರು ಅಂದರೆ ಹೊಟ್ಟೆಗೆ ಹೊಡೆದರು. ಎರಡೂ ಒಂದೇ ಬೇರಿನಿಂದ ಬಂದವು. ಇದನ್ನು ಅವನಿಗೆ ಹೇಳಿದೆ. “ನಿನ್ನನ್ನ ಬಿಡಿಸಿಲ್ಲ ಕಣಪ್ಪ, ನಿನಗೆ ಬಿಡುವು ಕೊಟ್ಟಿದ್ದಾರೆ.” ಆ ಕಡೆ ಎಷ್ಟೋ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಅವನು ಚಿಕ್ಕೋಡಿ ಕಡೆಯವನು. ನಾನು ಅರಸೀಕೆರೆ ಕಡೆಯವಳು. ನಾವಿಬ್ಬರೂ ಇರುವ ಊರು ಪೋಲೆಂಡಿನ ವ್ರೊತ್ಸ್ವಾಫ್. ಇಲ್ಲಿನ ಕನ್ನಡದವರು ಒಂದಷ್ಟು ಮಂದಿ ಯುಗಾದಿಗೆ ಸೇರಿದ್ದಾಗ ಪರಿಚಯವಾಗಿತ್ತು. ನಾನು ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಬೇರೆ ಬೇರೆ ದೇಶಗಳ ಬಿಲ್ಲುಗಳು ನಮ್ಮ ಟೇಬಲ್ಲಿಗೆ ಬರುತ್ತವೆ. ಮಾತು, ಮೇಲ್, ಮೀಟಿಂಗ್ ಎಲ್ಲಾ ಇಂಗ್ಲಿಷಿನಲ್ಲೇ. ಅವನು ಊರ ಹೊರಗಿನ ಗೋದಾಮಿನಲ್ಲಿ ರಾತ್ರಿ ಪಾಳಿ. ಡಬ್ಬ ಎತ್ತುವುದು, ಪ್ಯಾಕ್ ಮಾಡುವುದು, ಸ್ಕ್ಯಾನ್ ಮಾಡುವುದು. ಅಲ್ಲಿ ಇಂಗ್ಲಿಷ್ ನಡೆಯಲ್ಲ.

ಮುಂದಿನ ಭಾನುವಾರ ಅವನು ಮನೆಗೆ ಬಂದ. ಪ್ಲಾಸ್ಟಿಕ್ ಕವರಿನೊಳಗೆ ಕೆಲಸದ ಕರಾರು ಪತ್ರ ಇತ್ತು. ರಜೆ ಏನೋ ಸಿಕ್ಕಿತ್ತು, ಆದರೆ ಆ ದಿನಗಳ ದುಡ್ಡು ಬರುವುದಿಲ್ಲ ಅಂತ ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಏಜೆನ್ಸಿಯವರು ಹೇಳಿದ್ದರು. “ಇದರಾಗ ಏನ್ ಬರದೈತಿ ನೋಡ್ರಿ ಅಕ್ಕಾ” ಅಂತ ಟೇಬಲ್ ಮೇಲಿಟ್ಟ.

ಪೋಲೆಂಡಿಗೆ ದುಡಿಯಲು ಬರುವವರು ಈ ಒಂದು ವಿಷಯವನ್ನಾದರೂ ತಿಳಿದುಕೊಂಡು ಬರಬೇಕು ಅಂತ ನನಗೆ ತುಂಬಾ ಅನ್ನಿಸುತ್ತೆ. ಇಲ್ಲಿ ಜಾಸ್ತಿ ಕಾಣುವುದು ಎರಡು ಬಗೆಯ ಕರಾರು. ಒಂದು ‘ಉಮೋವಾ ಓ ಪ್ರಾತ್ಸೆ’, ಕಾರ್ಮಿಕ ಕಾನೂನಿನ ಕೆಳಗೆ ಬರುವ ನೌಕರಿ. ಇದರಲ್ಲಿ ವರ್ಷಕ್ಕೆ 20 ದಿನ ಸಂಬಳದ ರಜೆ ಇರುತ್ತೆ. ಹತ್ತು ವರ್ಷದ ಅನುಭವವಾದ ಮೇಲೆ 26 ದಿನ. ಡಿಗ್ರಿ ಓದಿದ್ದರೆ ಆ ಓದನ್ನೇ 8 ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ. ಕಾಯಿಲೆ ಬಿದ್ದರೆ ಸಾಮಾನ್ಯವಾಗಿ ಸಂಬಳದ 80 ಪರ್ಸೆಂಟ್ ಕೈಗೆ ಬರುತ್ತೆ. ಇನ್ನೊಂದು ‘ಉಮೋವಾ ಜ್ಲೆತ್ಸೆನ್ಯೆ’. ಇದು ಸಿವಿಲ್ ಕಾನೂನಿನ ಕೆಳಗೆ ಬರುತ್ತೆ, ಅಂದರೆ ಒಪ್ಪಿಸಿದ ಕೆಲಸ ಮಾಡಿಕೊಡುವ ಒಪ್ಪಂದ. 2017ರಿಂದ ಇದಕ್ಕೂ ಗಂಟೆಗೆ ಇಷ್ಟು ಅಂತ ಕನಿಷ್ಠ ಕೂಲಿ ಗೊತ್ತುಮಾಡಿದ್ದಾರೆ. 2025ರಲ್ಲಿ ಅದು 30 ಜ್ವೋತಿ 50 ಗ್ರೋಷ್ ಇತ್ತು. ಆದರೆ ಸಂಬಳದ ರಜೆಯನ್ನು ಕೊಡಲೇಬೇಕು ಅಂತ ಕಾನೂನಿಲ್ಲ. ಕಾಯಿಲೆಯ ವಿಮೆ ಬೇಕೋ ಬೇಡವೋ ಅಂತ ದುಡಿಯುವವನೇ ಹೇಳಬೇಕು.

ಅವನದು ಎರಡನೆಯದು. ಆರನೇ ಪುಟದಲ್ಲಿ ಆ ಸಾಲು ಸಿಕ್ಕಿತು. ‘ದೊಬ್ರೊವೊಲ್ನೆ’ ಅಂತ ಶುರುವಾಗುವ ಸಾಲು. ಮುಂದೆ ಎರಡು ಪುಟ್ಟ ಚೌಕ, ಹೌದು ಮತ್ತು ಇಲ್ಲ. ಇಲ್ಲ ಅನ್ನುವುದರ ಮೇಲೆ ಗುರುತು ಬಿದ್ದಿತ್ತು. ಕೆಳಗೆ ಅವನ ಸಹಿ. ಕನ್ನಡದಲ್ಲಿ ಮಾಡಿದ, ಉದ್ದ ಬಾಲದ, ಅಚ್ಚುಕಟ್ಟಾದ ಸಹಿ.

“ಅವರೇ ಗುರ್ತ್ ಹಾಕಿದ್ರು. ನಾ ಅದನ್ನ ಓದಿ ನೋಡೇನ್ರಿ. ದೊಬ್ರೊ ಅಂದ್ರ ಚೊಲೋ ಅಲ್ರೀ? ಜೆನ್ ದೊಬ್ರಿ ಅಂತಾರಲ್ಲ. ಏನೋ ಚೊಲೋದ ಬರದಾರ ಅನ್ಕೊಂಡೆ.”

ಅವನು ಅಂದಿದ್ದು ನಿಜ. ಜೆನ್ ದೊಬ್ರಿ ಇಲ್ಲಿನ ನಮಸ್ಕಾರ, ದೊಬ್ರಿ ಅಂದರೆ ಒಳ್ಳೆಯ. ‘ವೋಲಾ’ ಅಂದರೆ ಮನಸ್ಸು, ಇಚ್ಛೆ. ಎರಡೂ ಕೂಡಿದರೆ ದೊಬ್ರೊವೊಲ್ನೆ, ‘ಮನಸ್ಸಿದ್ದರೆ’ ಅನ್ನುವ ಅರ್ಥ. ಮನಸ್ಸಿದ್ದರೆ ಕಾಯಿಲೆಯ ವಿಮೆ. ಅವನ ಮನಸ್ಸನ್ನು ಯಾರೂ ಕೇಳಿರಲಿಲ್ಲ. ಜೊತೆಗೆ ಇಂಗ್ಲಿಷ್ ಪ್ರತಿಯೂ ಇತ್ತು. ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ ಮಾಡಿ, ಸಾಲ ತೆಗೆದು ಬಂದ ಹುಡುಗನಿಗೆ ವಿಮೆಯ ಇಂಗ್ಲಿಷೂ ಪೋಲಿಷಿನಷ್ಟೇ ದೂರ. ಈಗ ಸೇರಿಕೊಂಡರೂ ದುಡ್ಡು ಸಿಗಲು 90 ದಿನ ಕಾಯಬೇಕು. ಈ ಜ್ವರದ ಹತ್ತು ದಿನ ಹೋದಂತೆಯೇ.

ಅವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಭಾಷೆ ಬರದಿದ್ದರೆ ಅಂಗಡಿಯಲ್ಲಿ ತೊಂದರೆ, ಬಸ್ಸಿನಲ್ಲಿ ತೊಂದರೆ ಅಂತ ನಾವು ಮಾತಾಡುತ್ತೇವೆ. ಅಂಗಡಿಯಲ್ಲಿ ಕೈ ತೋರಿಸಿದರೂ ಬ್ರೆಡ್ ಸಿಗುತ್ತೆ. ಒಬ್ಬನ ಹತ್ತು ದಿನದ ಅನ್ನ ಹೋಗುವುದು ಆರನೇ ಪುಟದ ಸಣ್ಣ ಅಕ್ಷರದಲ್ಲಿ.

ಸೋಮವಾರ ಬೆಳಗ್ಗೆ ನಾನು ಅರ್ಧ ದಿನ ರಜೆ ಹಾಕಿದೆ. ಇಬ್ಬರೂ ಅಡುಗೆಮನೆಯಲ್ಲಿ ಕೂತು ಏಜೆನ್ಸಿಗೆ ಫೋನ್ ಮಾಡಿದೆವು. ಆಗ ನನಗೊಂದು ವಿಷಯ ಗೊತ್ತಾಯಿತು. ನಾನು ಇಲ್ಲಿಗೆ ಬಂದು ಆಗ ನಾಲ್ಕು ವರ್ಷ. ಪೋಲಿಷ್ ಕ್ಲಾಸಿಗೆ ಹೋಗುತ್ತಿದ್ದೆ, ಕಾಗದ ಓದಬಲ್ಲವಳಾಗಿದ್ದೆ. ಆದರೆ ಫೋನಿನಲ್ಲಿ ಆ ಕಡೆಯವರು ಮಾತು ಶುರು ಮಾಡಿದ ಕೂಡಲೇ ನನ್ನ ನಾಲಿಗೆ ಕಲ್ಲಾಯಿತು. ಅವನು ಬಂದು ಬರೀ ಎಂಟು ತಿಂಗಳು. ಒಂದಕ್ಷರವನ್ನೂ ಪುಸ್ತಕದಿಂದ ಕಲಿತವನಲ್ಲ. ಫೋನು ತಗೊಂಡು ಪಟಪಟ ಮಾತಾಡಿದ. ವ್ಯಾಕರಣ ಎಲ್ಲೆಲ್ಲೋ ಹೋಗುತ್ತಿತ್ತು, ಆದರೆ ಆ ಕಡೆಯವರಿಗೆ ಎಲ್ಲಾ ಅರ್ಥವಾಗುತ್ತಿತ್ತು. ಅವರು ಏನಾದರೂ ಕಾನೂನಿನ ಪದ ಹೇಳಿದರೆ ಅವನು ನನ್ನ ಮುಖ ನೋಡುತ್ತಿದ್ದ. ನಾನು ಉತ್ತರವನ್ನು ಬರೆದು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದೆ. ಅವನು ಅದನ್ನು ಬಾಯಿಗೆ ಹಾಕಿಕೊಂಡು ಹೇಳುತ್ತಿದ್ದ. ನನಗೆ ಓದಲು ಬರುತ್ತೆ, ಅವನಿಗೆ ಆಡಲು ಬರುತ್ತೆ. ಇಬ್ಬರೂ ಸೇರಿದರೆ ಒಂದು ಪೋಲಿಷ್. ಹೋದ ದುಡ್ಡು ಸಿಗಲಿಲ್ಲ. ಮುಂದಿನ ತಿಂಗಳಿಂದ ವಿಮೆಗೆ ಹೆಸರು ಸೇರಿಸಿಕೊಂಡರು.

ಅವನು ಹೋದ ಮೇಲೆ ನಾನು ಬೆಂಗಳೂರನ್ನು ನೆನೆದೆ.

ಇಲ್ಲಿಗೆ ಬರುವ ಮೊದಲು ಒಂಬತ್ತು ವರ್ಷ ಬೆಂಗಳೂರಿನಲ್ಲಿದ್ದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹದಿನೈದು ವರ್ಷದಿಂದ ಇದ್ದವರೂ “ಕನ್ನಡ ಗೊತ್ತಿಲ್ಲ” ಅನ್ನುವುದೊಂದನ್ನು ಬಿಟ್ಟು ಬೇರೆ ಕನ್ನಡ ಕಲಿತಿರಲಿಲ್ಲ. ಒಂದು ಸಲ ಅಮ್ಮನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. ಅಮ್ಮ ಎರಡು ಸಲ ಕೇಳಿ, ಆಮೇಲೆ ಸುಮ್ಮನಾಗಿ, ಪಾಸ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ಸರಿದು ನಿಂತರು. ತನ್ನ ಊರಿನಲ್ಲಿ, ತನ್ನ ದುಡ್ಡು ಕೇಳುವಾಗ. ಆ ಮುಖ ನಾನು ಮರೆತಿಲ್ಲ.

ವ್ರೊತ್ಸ್ವಾಫಿಗೆ ಬಂದ ಮೂರನೇ ವರ್ಷ, ನಮ್ಮ ಬೀದಿಯ ಬೇಕರಿಯಲ್ಲಿ ಒಬ್ಬ ಹೆಂಗಸು ನನ್ನನ್ನು ಏನೋ ಕೇಳಿದರು. ದಿನಾ ನೋಡುವ ಮುಖ. ನಗುತ್ತಾ ಏನೋ ಉದ್ದವಾಗಿ ಕೇಳಿದರು. ನಾನು ತಲೆ ಅಲ್ಲಾಡಿಸಿ “ನ್ಯೆ ಮುವ್ಯೆ ಪೊ ಪೋಲ್ಸ್ಕು” ಅಂದೆ. ಪೋಲಿಷ್ ಮಾತಾಡಲ್ಲ ಅಂತ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಗು ಮಾತ್ರ ನಿಂತುಹೋಯಿತು. ಅಳತೆ ಮಾಡಿದಂತೆ ಚಿಲ್ಲರೆ ಎಣಿಸಿ ಕೊಟ್ಟರು. ಅಮ್ಮ ಕೌಂಟರಿನಿಂದ ಸರಿದದ್ದು ನನಗೆ ಅಲ್ಲಿ ಕಣ್ಣಿಗೆ ಬಂತು. ಮೂರು ವರ್ಷ. ಕೈಯಲ್ಲಿ ದುಡ್ಡಿತ್ತು, ಸಂಜೆ ಬಿಡುವಿತ್ತು, ಮನೆಯ ಹತ್ತಿರವೇ ಕ್ಲಾಸಿತ್ತು. ನಾನು ಕಲಿತಿರಲಿಲ್ಲ.

ಆ ವಾರವೇ ಕ್ಲಾಸಿಗೆ ಸೇರಿದೆ. ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಬೇಕು. ಐದು ವರ್ಷ ಇದ್ದ ಮೇಲೆ ಸಿಗುವ ಯುರೋಪಿಯನ್ ಒಕ್ಕೂಟದ ದೀರ್ಘಕಾಲದ ವಾಸದ ಪರವಾನಗಿಗೆ 2018ರಿಂದ ಬಿ1, ಅಂದರೆ ನಡುಮಟ್ಟದ ಪೋಲಿಷ್ ಬೇಕು. ಹಾಗಾಗಿ ಕ್ಲಾಸಿನಲ್ಲಿ ಅರ್ಧ ಜನ ಆ ಪರವಾನಗಿಯ ಕಾರ್ಡಿಗಾಗಿ ಬಂದವರೇ. ಉಕ್ರೇನಿನ ಹೆಂಗಸರು ನಮಗಿಂತ ಬೇಗ ಕಲಿಯುತ್ತಿದ್ದರು, ಅವರ ಭಾಷೆಗೂ ಪೋಲಿಷಿಗೂ ನೆಂಟಸ್ತನ ಇದೆ. ನನಗೆ ಸಹಾಯಕ್ಕೆ ಬಂದದ್ದು ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಲಿಸಿದ ವಿಭಕ್ತಿ. ಪೋಲಿಷಿನಲ್ಲಿ ಏಳು ವಿಭಕ್ತಿ, ಸಂಬೋಧನೆಯೂ ಸೇರಿ. ಇಂಗ್ಲಿಷಿನ ದಾರಿಯಿಂದ ಬಂದವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ನಮಗೇನು? ಮೈಸೂರು, ಮೈಸೂರಿಗೆ, ಮೈಸೂರಿಂದ, ಮೈಸೂರಲ್ಲಿ ಅಂತ ಹುಟ್ಟಿದಾಗಿನಿಂದ ಬಾಲ ಸೇರಿಸಿಕೊಂಡೇ ಮಾತಾಡುತ್ತೇವೆ. ಕಷ್ಟ ಏನು ಅಂದರೆ ನಮ್ಮಲ್ಲಿ ಮೈಸೂರು ಅಲುಗುವುದಿಲ್ಲ, ಬಾಲ ಮಾತ್ರ ಬದಲಾಗುತ್ತೆ. ಇಲ್ಲಿ ಹೆಸರೇ ಒಳಗಿನಿಂದ ಬದಲಾಗಬಹುದು. ಕ್ರಾಕುಫ್ ಊರಿಗೆ ಹೋಗುವಾಗ ಅದು ಕ್ರಾಕೊವಾ, ಅಲ್ಲಿ ಇರುವಾಗ ಕ್ರಾಕೊವ್ಯೆ. ಇಂಡಿಯಾ ಅನ್ನುವುದು ಇವರಿಗೆ ಬಹುವಚನ, ‘ಇಂದ್ಯೆ’. ಈ ಭಾಷೆ ನಮ್ಮ ದೇಶವನ್ನು ಒಂದಾಗಿ ಎಣಿಸದೆ ಹಲವಾಗಿ ಎಣಿಸಿದೆ ಅಂತ ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು. ಬೆಂಕಿಗೆ ‘ಓಗ್ಯೆನ್’, ಆಕಾಶಕ್ಕೆ ‘ನ್ಯೆಬೋ’, ವಿಧವೆಗೆ ‘ವ್ದೋವಾ’. ಅಗ್ನಿ, ನಭ, ವಿಧವಾ ಗೊತ್ತಿದ್ದವರಿಗೆ ಇವು ದೂರದ ನೆಂಟರ ಮುಖ ಕಂಡ ಹಾಗೆ.

ನಮ್ಮ ಟೀಚರು ಒಂದು ದಿನ ಪಾಠ ಬಿಟ್ಟು ಇತಿಹಾಸ ಹೇಳಿದರು. 1795ರಿಂದ 1918ರವರೆಗೆ, 123 ವರ್ಷ, ಪೋಲೆಂಡ್ ಅನ್ನುವ ದೇಶವೇ ಭೂಪಟದಲ್ಲಿ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. 1901ರಲ್ಲಿ ವ್ಜೆಶ್ನ್ಯಾ ಅನ್ನುವ ಊರಿನ ಶಾಲೆಯಲ್ಲಿ ಧರ್ಮದ ಪಾಠವನ್ನು ಜರ್ಮನ್ ಭಾಷೆಯಲ್ಲೇ ಕಲಿಯಬೇಕು ಅಂದಾಗ ಮಕ್ಕಳು ಒಪ್ಪಲಿಲ್ಲ. ಆ ಮಕ್ಕಳಿಗೆ ಛಡಿಯೇಟು ಬಿತ್ತು. ದೇಶ ಇಲ್ಲದಿದ್ದಾಗ ಇವರ ಬಳಿ ಉಳಿದದ್ದು ಮಾತು. ಬೇಕರಿಯ ಆ ಹೆಂಗಸಿನ ಮುಖ ನನಗೆ ಆ ದಿನ ಇನ್ನೂ ಚೆನ್ನಾಗಿ ಅರ್ಥವಾಯಿತು.

ಬೆಂಗಳೂರಿನ ನನ್ನ ಸಿಟ್ಟು ಸರಿಯಾಗಿತ್ತು ಅಂತ ಈಗಲೂ ನಂಬುತ್ತೇನೆ. ಯಾರ ಮೇಲೆ ಅನ್ನುವುದನ್ನು ಮಾತ್ರ ಈಗ ಬೇರೆ ಥರ ಯೋಚಿಸುತ್ತೇನೆ. ಬಿಹಾರದಿಂದ ಬಂದ ಗಾರೆ ಕೆಲಸದವರು ಆರು ತಿಂಗಳಲ್ಲಿ “ನೀರು ಬಿಡಿ, ಮರಳು ಬಂತಾ” ಅನ್ನುತ್ತಿದ್ದರು. ಹದಿನಾಲ್ಕು ಗಂಟೆ ದುಡಿದೂ ಕಲಿತಿದ್ದರು. ಕಲಿಯದವರು ಬಿಡುವಿದ್ದವರು, ನನ್ನಂಥವರು. ಇಲ್ಲೂ ಹಾಗೇ. ಭಾಷೆ ಇಲ್ಲದೆಯೂ ಬದುಕು ನಡೆಯುವವರ ಹತ್ತಿರ ಕಲಿಯಲು ಸಮಯ ಇದೆ. ಯಾರಿಗೆ ಆ ಆರನೇ ಪುಟ ಓದಲೇಬೇಕೋ ಅವರು ಬೆಳಗ್ಗೆ ಆರು ಗಂಟೆಗೆ ಪಾಳಿ ಮುಗಿಸಿ ಬಸ್ಸಿನಲ್ಲಿ ನಿದ್ದೆ ಹೋಗಿರುತ್ತಾರೆ. ಹಾಗಾಗಿ, ಬಿಡುವಿದ್ದು ಕಲಿತವರು ಬಿಡುವಿಲ್ಲದವರ ಕಾಗದ ಓದಿಕೊಡಬೇಕು. ವಿದೇಶದಲ್ಲಿ ನಾವು ಸೇರುವುದು ಹಬ್ಬಕ್ಕೆ, ಬಿಸಿಬೇಳೆಬಾತಿಗೆ, ಮಕ್ಕಳ ಡ್ಯಾನ್ಸಿಗೆ. ಅದೆಲ್ಲಾ ಬೇಕು. ಅದೇ ಹಾಲಿನ ಮೂಲೆಯಲ್ಲಿ ಒಂದು ಟೇಬಲ್ ಹಾಕಿ “ಕರಾರು ಪತ್ರ ತಂದಿದ್ದೀರಾ, ಕೊಡಿ ನೋಡೋಣ” ಅಂದರೆ ಎಷ್ಟು ಜನಕ್ಕೆ ಉಪಕಾರ ಅಲ್ವಾ?

ಆ ನವೆಂಬರಿನಿಂದ ಅವನು ತಿಂಗಳಲ್ಲಿ ಎರಡು ಭಾನುವಾರ ಬರುತ್ತಾನೆ. ಇಲ್ಲಿ ಹೆಚ್ಚಿನ ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಊರು ತಣ್ಣಗಿರುತ್ತೆ. ನಾನು ಅನ್ನ ಸಾರು ಮಾಡಿರುತ್ತೇನೆ. ಮಜ್ಜಿಗೆಗೆ ಇಲ್ಲಿನ ಮಾಶ್ಲಾಂಕಾ ಇದೆ. ಒಗ್ಗರಣೆ ಹಾಕಿದರೆ ಊರಿನದೇ. ಊಟ ಆದ ಮೇಲೆ ಅವನು ನನಗೆ ಮಾತು ಕಲಿಸುತ್ತಾನೆ, ನಾನು ಅವನಿಗೆ ಓದು.

ಅವನ ಹತ್ತಿರ ಒಂದು ನೋಟ್‌ಬುಕ್ ಇದೆ. ಊರಿನಿಂದ ತಂದದ್ದು, ರಟ್ಟಿನ ಮೇಲೆ ಮಗ್ಗಿ ಅಚ್ಚಾಗಿದೆ. ಗೋದಾಮಿನಲ್ಲಿ ಕೇಳಿದ ಪದಗಳನ್ನೆಲ್ಲಾ ಅದರಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ. ಮೊದಲ ಸಲ ನೋಡಿದಾಗ ನಾನು ಬೆರಗಾದೆ. ಪೋಲಿಷಿನಲ್ಲಿ ಎರಡು ಶ ಇದೆ. ಒಂದನ್ನು ಎಸ್ ಮತ್ತು ಜೆಟ್ ಸೇರಿಸಿ ಬರೆಯುತ್ತಾರೆ, ನಾಲಿಗೆ ಹಿಂದಕ್ಕೆ ಹೋಗುತ್ತೆ. ಇನ್ನೊಂದು ಎಸ್ ಮೇಲೆ ಸಣ್ಣ ಗೆರೆ, ತುಂಬಾ ಮೆದು. ‘ಪ್ರೊಷೆ’ ಅಂದರೆ ದಯವಿಟ್ಟು, ತಗೊಳ್ಳಿ. ‘ಪ್ರೊಶೆ’ ಅಂದರೆ ಹಂದಿ ಮರಿ. ‘ಕಾಷಾ’ ಅಂದರೆ ನುಚ್ಚು, ‘ಕಾಶಾ’ ಒಬ್ಬ ಹುಡುಗಿಯ ಹೆಸರು. ಇಂಗ್ಲಿಷಿನಲ್ಲಿ ಬರೆದುಕೊಂಡ ನಮ್ಮ ಕ್ಲಾಸಿನವರೆಲ್ಲಾ ಎರಡನ್ನೂ ಒಂದೇ ಮಾಡಿಕೊಂಡಿದ್ದೆವು. ಈ ಹುಡುಗ ಕಿವಿಗೆ ಬಿದ್ದಂತೆ ಒಂದಕ್ಕೆ ಷ, ಇನ್ನೊಂದಕ್ಕೆ ಶ ಬರೆದಿದ್ದ. ನಾವು ಮಾತಿನಲ್ಲಿ ಹೆಚ್ಚುಕಮ್ಮಿ ಒಂದೇ ಮಾಡಿಬಿಟ್ಟ ಎರಡು ಅಕ್ಷರ. ಕಾಗುಣಿತ ಮಾತ್ರ ಎರಡನ್ನೂ ಉಳಿಸಿಕೊಂಡಿದೆ. ಇಲ್ಲಿ, ಓದ್ರಾ ನದಿಯ ದಡದ ಗೋದಾಮಿನಲ್ಲಿ, ಅವು ಅವನ ಕೈ ಹಿಡಿದವು.

ನಮ್ಮ ಎದುರು ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಪ್ಪತ್ತೈದು ದಾಟಿದೆ. ಇಲ್ಲಿ ದೊಡ್ಡವರನ್ನು, ಗುರುತಿಲ್ಲದವರನ್ನು ನೀನು ಅನ್ನುವ ಹಾಗಿಲ್ಲ. ಗಂಡಸರಿಗೆ ಪಾನ್, ಹೆಂಗಸರಿಗೆ ಪಾನಿ. ಎದುರಿಗೇ ನಿಂತಿದ್ದರೂ ಮೂರನೆಯವರ ಬಗ್ಗೆ ಕೇಳಿದ ಹಾಗೆ ಕೇಳಬೇಕು. ನಾವು “ಮೇಷ್ಟ್ರು ಎಲ್ಲಿಗೆ ಹೊರಟ್ರು?” ಅಂತ ಮೇಷ್ಟ್ರನ್ನೇ ಕೇಳುತ್ತೇವಲ್ಲ, ಹಾಗೆ. ಎರಡು ವರ್ಷದ ಪರಿಚಯದ ಮೇಲೆ ಅಜ್ಜಿ ತಾವಾಗಿಯೇ “ನನ್ನನ್ನ ಹೆಸರು ಹಿಡಿದು ಕರಿ, ನೀನು ಅನ್ನು” ಅಂದರು. ಇಲ್ಲಿ ಅದು ದೊಡ್ಡ ಮಾತು. ಹಿರಿಯರು ಬಾಗಿಲು ತೆರೆದಂತೆ. ಆದರೆ ಅಷ್ಟು ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ಬಾಯಿ ಬರಲಿಲ್ಲ. ಹೆಸರಿಗೆ ಮೊದಲು ಪಾನಿ ಅನ್ನುವುದನ್ನು ಉಳಿಸಿಕೊಂಡೆ. ನಮ್ಮ ಕಡೆ ಹೀಗೇ ಅಂದೆ. ಅವರು ನನ್ನ ಕೈ ತಟ್ಟಿದರು.

ಅಜ್ಜಿಯ ಅಪ್ಪ ಅಮ್ಮ ಈ ಊರಿನವರಲ್ಲ. ಈ ಊರಿನಲ್ಲಿ ಹೆಚ್ಚಿನವರ ಹಿರಿಯರು ಈ ಊರಿನವರಲ್ಲ. 1945ರವರೆಗೆ ಇದು ಬ್ರೆಸ್ಲಾವ್ ಅನ್ನುವ ಜರ್ಮನ್ ನಗರ. ಯುದ್ಧ ಮುಗಿದ ಮೇಲೆ ಗಡಿಗಳು ಪಶ್ಚಿಮಕ್ಕೆ ಸರಿದವು. ಜರ್ಮನ್ನರನ್ನು ಹೊರಗೆ ಕಳಿಸಿದರು. ಪೂರ್ವದಲ್ಲಿ ಸೋವಿಯತ್ ಪಾಲಾದ ಊರುಗಳಿಂದ, ಪೋಲೆಂಡಿನ ಬೇರೆ ಕಡೆಗಳಿಂದ ಪೋಲಿಷರು ಬಂದು ತುಂಬಿಕೊಂಡರು. ಅಜ್ಜಿಯ ಮನೆಯವರು ಲ್ವೂಫ್ ಕಡೆಯಿಂದ, ಈಗಿನ ಉಕ್ರೇನಿನ ಲ್ವಿವ್, ಗೂಡ್ಸ್ ರೈಲಿನಲ್ಲಿ ಬಂದವರು. ಜೊತೆಗೆ ಒಂದು ಹಸು ತಂದಿದ್ದರಂತೆ. ಯಾರದೋ ಮನೆ, ಯಾರದೋ ತಟ್ಟೆ ಲೋಟ. ನಲ್ಲಿಯ ಮೇಲೆ ಬಿಸಿ, ತಣ್ಣೀರು ಅಂತ ಜರ್ಮನ್ನಿನಲ್ಲಿ ಬರೆದಿತ್ತು. ಎಷ್ಟೋ ವರ್ಷ ಅವರಮ್ಮ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿರಲಿಲ್ಲ, ಮತ್ತೆ ಎಬ್ಬಿಸುತ್ತಾರೇನೋ ಅಂತ.

ಒಂದು ಭಾನುವಾರ ಮೆಟ್ಟಿಲ ಮೇಲೆ ಅಜ್ಜಿ ಸಿಕ್ಕಾಗ ಹುಡುಗ ಜೊತೆಗಿದ್ದ. ಎಲ್ಲಿಯವನು ಅಂತ ಕೇಳಿದರು. ಅವನು ಕೊಲ್ಹಾಪುರದ ಹತ್ತಿರ ಅಂದ. ಚಿಕ್ಕೋಡಿ ಅಂದರೆ ಯಾರಿಗೆ ಗೊತ್ತಾಗುತ್ತೆ ಅಂತ. ಅಜ್ಜಿಯ ಮುಖ ಅರಳಿತು. “ವಳಿವಡೆ!” ಅಂದರು. ನಮಗಿಬ್ಬರಿಗೂ ಗೊತ್ತಿರಲಿಲ್ಲ. ಅವರೇ ಹೇಳಿದರು. 1940ರ ಸುಮಾರಿಗೆ ಅವರ ಕಡೆಯ ಊರುಗಳಿಂದ ಸೋವಿಯತ್ ಸರ್ಕಾರ ಲಕ್ಷಗಟ್ಟಲೆ ಜನರನ್ನು ಸೈಬೀರಿಯಾಕ್ಕೆ ಸಾಗಿಸಿತ್ತು. ಅಲ್ಲಿಂದ ಬಿಡುಗಡೆಯಾದ ಕೆಲವರು ಇರಾನ್ ದಾಟಿ ಭಾರತಕ್ಕೆ ಬಂದರು. 1943ರಿಂದ 1948ರವರೆಗೆ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಸುಮಾರು 5000 ಪೋಲಿಷರು, ಹೆಚ್ಚಾಗಿ ಹೆಂಗಸರು ಮಕ್ಕಳು, ಬ್ಯಾರಕ್ಕುಗಳಲ್ಲಿ ಬದುಕಿದರು. ಶಾಲೆ, ಚರ್ಚು ಎಲ್ಲಾ ಇತ್ತು. ಅಜ್ಜಿಯ ಅಮ್ಮನ ಗೆಳತಿಯೊಬ್ಬಳು ಅಲ್ಲಿ ಬೆಳೆದವಳಂತೆ.

“ನಮ್ಮೂರಿಂದ ಒಂದೂವರೆ ತಾಸಿನ ದಾರೀರಿ ಅಕ್ಕಾ” ಅಂತ ಅವನು ನನಗೆ ಹೇಳಿದ. ಮತ್ತೆ ಮತ್ತೆ ಹೇಳಿದ.

ಹೋದ ತಿಂಗಳು ಅವನು ಬೇರೆ ಕಡೆ ಕೆಲಸಕ್ಕೆ ಸೇರಿದ. ಈ ಸಲ ಉಮೋವಾ ಓ ಪ್ರಾತ್ಸೆ. ಸಹಿ ಹಾಕುವ ಮೊದಲು ಕಾಗದವನ್ನು ಮನೆಗೆ ತಂದು, ಬೆರಳಿಟ್ಟುಕೊಂಡು, ಒಂದೊಂದೇ ಸಾಲು ತಾನೇ ಓದಿದ. ‘ಉರ್ಲೋಪ್’ ಬಂದಾಗ ನಿಲ್ಲಿಸಿ “ರಜಾ” ಅಂದ. ನಾನು ಎರಡೇ ಎರಡು ಕಡೆ ಬಾಯಿ ಹಾಕಿದೆ.

ಊರಿಂದ ಅವನವ್ವ ಶೇಂಗಾ ಹೋಳಿಗೆ ಕಳಿಸಿದ್ದರು. ನಾಲ್ಕನ್ನು ತಟ್ಟೆಗೆ ಹಾಕಿಕೊಂಡು ಎದುರು ಮನೆಯ ಬಾಗಿಲು ತಟ್ಟಿದ. ಅಜ್ಜಿ ಬಾಗಿಲು ತೆಗೆದರು. “ಪ್ರೊಷೆ” ಅಂದ, ನಾಲಿಗೆ ಎಷ್ಟು ಹಿಂದೆ ಹೋಗಬೇಕೋ ಅಷ್ಟು ಹಿಂದೆ ಹೋಗಿತ್ತು. ಅಜ್ಜಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಇದರ ಹೆಸರೇನು ಅಂತ ಕೇಳಿದರು. “ಶೇಂಗಾ ಹೋಳಿಗೆ.” ಅಜ್ಜಿ ಒಳಗೆ ಹೋಗಿ ಪೆನ್ಸಿಲ್ಲು, ಹಳೆ ಲಕೋಟೆ ತಂದರು. ಬರೆಯಲು ಬಗ್ಗಿದವರು ತಲೆ ಎತ್ತಿ ಕೇಳಿದರು.

“ಯಾವ ಶ? ಎಸ್ ಜೆಟ್ಟಾ, ಮೇಲೆ ಗೆರೆ ಇರೋದಾ?”

ಹುಡುಗ ಒಂದು ಕ್ಷಣ ನನ್ನ ಕಡೆ ನೋಡಿದ. ಆಮೇಲೆ ಅಜ್ಜಿಯ ಕೈಯಿಂದ ಪೆನ್ಸಿಲ್ ತಗೊಂಡು, ಲಕೋಟೆಯನ್ನು ಗೋಡೆಗೆ ಒತ್ತಿ ಹಿಡಿದು, ತಾನೇ ಬರೆದ.